ಕೊನೆ ಗೊತ್ತಿದ್ದೂ ಓದುವ ಕಥೆ: ಕ್ರೈಸ್ತ ಪ್ರಣಯ ಕಾದಂಬರಿಯಲ್ಲಿ ವಿಶ್ವಾಸ ಮತ್ತು ಕುತೂಹಲ



ಈ ಉಪನ್ಯಾಸವನ್ನು ಏರ್ಪಡಿಸಿದ ದತ್ತಿಯ ಷರತ್ತಿನಲ್ಲಿ ವಿಷಯ ಸಾಹಿತ್ಯಕ್ಕೆ ಸಂಬಂಧಿಸಿರಬೇಕು ಎಂದಷ್ಟೇ ಇದೆ, ಯಾವ ಸಾಹಿತ್ಯ ಎಂದು ಹೇಳಿಲ್ಲ. ಆ ಸಡಿಲಿಕೆಯ ಲಾಭ ಪಡೆದು, ವಿಮರ್ಶಕರು ಸಾಮಾನ್ಯವಾಗಿ ತಿರುಗಿಯೂ ನೋಡದ ಒಂದು ಕಪಾಟಿನ ಮುಂದೆ ನಿಮ್ಮನ್ನು ನಿಲ್ಲಿಸುತ್ತಿದ್ದೇನೆ. ಅಮೆರಿಕದ ಪುಸ್ತಕದಂಗಡಿಗಳಲ್ಲಿ ಅದರ ಹೆಸರು 'ಇನ್‌ಸ್ಪಿರೇಷನಲ್ ರೊಮಾನ್ಸ್'. ಬರೆಯುವವರು ಬಹುಪಾಲು ಹೆಂಗಸರು, ಓದುವವರೂ ಅವರೇ. ಗಂಡು ಹೆಣ್ಣಿನ ಪ್ರೀತಿ, ಅದರ ಜೊತೆಗೆ ದೇವರಲ್ಲಿ ನಂಬಿಕೆ. ಇದೇ ಕಪಾಟಿನ ಇನ್ನೊಂದು ಸಾಲಿನಲ್ಲಿ ಕೊಲೆ, ಅಪಹರಣ, ಬಾಂಬು, ಬೆನ್ನಟ್ಟುವ ಹಂತಕ ಎಲ್ಲ ಇರುತ್ತವೆ. ಅದು ಸಸ್ಪೆನ್ಸ್ ಶಾಖೆ.

ಅಗ್ಗದ ಪ್ರಣಯ ಕಾದಂಬರಿಗಳಿಗೆ ಹೆಸರಾದ ಹಾರ್ಲೆಕ್ವಿನ್ ಸಂಸ್ಥೆ 1997ರಲ್ಲಿ 'ಲವ್ ಇನ್‌ಸ್ಪೈರ್ಡ್' ಎಂಬ ಮಾಲೆಯನ್ನು ಶುರುಮಾಡಿತು. 2005ರಲ್ಲಿ ಅದಕ್ಕೆ 'ಲವ್ ಇನ್‌ಸ್ಪೈರ್ಡ್ ಸಸ್ಪೆನ್ಸ್' ಸೇರಿತು. ಒಂದೊಂದು ಪುಸ್ತಕವೂ ಸುಮಾರು 55,000 ಪದಗಳ ಅಳತೆಗೆ ಕತ್ತರಿಸಿದ್ದು. ಕಟ್ಟುಪಾಡುಗಳು ಖಚಿತ: ಹೊಲಸು ಬೈಗುಳ ಕೂಡದು, ಮದುವೆಗೆ ಮುಂಚೆ ಮಲಗುವ ಕೋಣೆ ಕೂಡದು, ರಕ್ತವನ್ನು ಚೆಲ್ಲಾಡಿ ತೋರಿಸಕೂಡದು. ಹೆಣ ಮಾತ್ರ ಬೀಳಬಹುದು. ಕೊಲೆಗಾರನೊಬ್ಬ ಇಡೀ ಕಾದಂಬರಿಯ ಉದ್ದಕ್ಕೂ ಹೆಂಗಸನ್ನು ಬೇಟೆಯಾಡುತ್ತಾನೆ, ಆದರೆ ಒಂದು ಕೆಟ್ಟ ಮಾತು ಆಡುವುದಿಲ್ಲ. ನಕ್ಕುಬಿಡಬಹುದು. ಆದರೆ ಇಂಥ ಬಿಗಿ ಕಟ್ಟುಪಾಡಿನೊಳಗೂ ಲಕ್ಷಗಟ್ಟಲೆ ಜನ ಪುಟ ತಿರುಗಿಸುತ್ತಲೇ ಇದ್ದಾರೆ ಎಂದರೆ ಅವರನ್ನು ಹಿಡಿದಿಟ್ಟಿರುವುದು ಏನು ಎಂದು ಕೇಳಲೇಬೇಕು.

ಏಕೆಂದರೆ ಈ ಪುಸ್ತಕಗಳಲ್ಲಿ ಕೊನೆ ಎಲ್ಲರಿಗೂ ಗೊತ್ತು. ಕೊಲೆಗಾರ ಸಿಕ್ಕಿಬೀಳುತ್ತಾನೆ. ಇಬ್ಬರೂ ಮದುವೆಯಾಗುತ್ತಾರೆ. ನಂಬಿಕೆ ಇಲ್ಲದವರು ನಂಬುತ್ತಾರೆ, ಕಳೆದುಕೊಂಡವರು ಮರಳಿ ಪಡೆಯುತ್ತಾರೆ. ಮುಖಪುಟ ನೋಡಿದಾಗಲೇ ಓದುಗರಿಗೆ ಈ ಮೂರೂ ತಿಳಿದಿರುತ್ತವೆ. ಹಾಗಿದ್ದ ಮೇಲೆ ಕುತೂಹಲ ಎಲ್ಲಿಂದ ಬಂತು?

ಕೊನೆ ತಿಳಿದ ಕಥೆಗೆ ಕಾತರ ಬರುವುದಿಲ್ಲ ಎಂದು ನಮ್ಮಲ್ಲಿ ಯಾರೂ ಹೇಳಲಾರರು. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಇದೆಲ್ಲ ವಿಶ್ವಾಮಿತ್ರನ ಪರೀಕ್ಷೆ ಎಂಬುದು ಮೊದಲಲ್ಲೇ ಗೊತ್ತು. ಆದರೂ ಚಂದ್ರಮತಿ ಮಗನ ಹೆಣ ಹೊತ್ತು ಸುಡುಗಾಡಿಗೆ ಬರುವಾಗ ಎದೆ ಹಿಡಿದುಕೊಳ್ಳುತ್ತದೆ, ಹರಿಶ್ಚಂದ್ರ ಕತ್ತಿ ಎತ್ತಿದಾಗ ಉಸಿರು ನಿಲ್ಲುತ್ತದೆ. ಅಲ್ಲಿ ನಾವು ಕಾಯುವುದು ಅವನು ಕದಲದೆ ನಿಲ್ಲುತ್ತಾನೋ ಇಲ್ಲವೋ ಎಂದು. ಕ್ರೈಸ್ತ ಪ್ರಣಯ ಕಾದಂಬರಿಯಲ್ಲಿ ಕಾಯುವ ದಿಕ್ಕೇ ಬೇರೆ. ಇಲ್ಲಿ ವ್ಯಕ್ತಿ ತಿರುಗಬೇಕು. ತಾನಿದ್ದ ಕಡೆಯಿಂದ ದೇವರ ಕಡೆಗೆ ತಿರುಗಬೇಕು. ಮತ್ತು ಅದನ್ನು ಯಾರೂ ಅವನಿಂದ ಮಾಡಿಸಲಾಗದು. ನನ್ನ ಮಟ್ಟಿಗೆ ಈ ಪ್ರಕಾರದ ಕುತೂಹಲದ ನಿಜವಾದ ಬುಗ್ಗೆ ಇದೇ. ಬಂದೂಕು, ಬಾಂಬು ಎಲ್ಲ ಬೇರೆ ಅಂಗಡಿಯಿಂದ ಎರವಲು ತಂದ ಸರಕು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರಣಯ ಕಾದಂಬರಿ ನಡೆಯಬೇಕಾದರೆ ಒಂದು ಅಡ್ಡಿ ಬೇಕು. ನಮ್ಮ ಕಾದಂಬರಿಗಳಲ್ಲಿ ಜಾತಿ, ಅಂತಸ್ತು, ಅಪ್ಪನ ಹಟ, ಸೋದರಮಾವನ ಮಗ ಅಡ್ಡಿಯಾಗುತ್ತಾರೆ. ಇಲ್ಲಿ ಅಡ್ಡಿ ಸತ್ಯವೇದದಲ್ಲೇ ಇದೆ. ನಂಬದವರ ಜೊತೆ ಇಜ್ಜೋಡಾಗಬಾರದೆಂದು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಎಚ್ಚರಿಸಿದ್ದಾನೆ. ಇವಾಂಜೆಲಿಕಲ್ ಸಭೆಗಳಲ್ಲಿ ಬೆಳೆದವರು ಇದನ್ನು ಮದುವೆಗೆ ಅನ್ವಯಿಸಿಕೊಳ್ಳುತ್ತಾರೆ. ಹಾಗಾಗಿ ವಿಶ್ವಾಸಿಯಾದ ನಾಯಕ ವಿಶ್ವಾಸವಿಲ್ಲದ ನಾಯಕಿಯನ್ನು ಮೆಚ್ಚಿದರೆ ಅಡ್ಡ ಬರುವ ಖಳ ಹೊರಗೆಲ್ಲೂ ಇಲ್ಲ. ಅವನೇ ತನ್ನನ್ನು ತಡೆದುಕೊಳ್ಳಬೇಕು. ಸರಿ, ಅವಳು ನಂಬಿದರಾಯಿತಲ್ಲ ಎನ್ನುತ್ತೀರಿ. ಗಂಟು ಇರುವುದೇ ಅಲ್ಲಿ. ಅವನಿಗಾಗಿ ನಂಬಿದರೆ ಅದು ನಂಬಿಕೆಯಲ್ಲ, ಮದುವೆಗೆ ಕೊಟ್ಟ ಬೆಲೆ. ಅವಳು ಅವನನ್ನು ಬಿಟ್ಟುಕೊಡಲು ತಯಾರಾಗಿಯೂ ದೇವರನ್ನು ನಂಬಬೇಕು. ಅವನು ಅವಳು ಸಿಗದಿದ್ದರೂ ಸರಿ ಎಂದು ಅವಳಿಗಾಗಿ ಪ್ರಾರ್ಥಿಸಬೇಕು. ಪ್ರೀತಿ ಇಲ್ಲಿ ಅನುಮಾನಕ್ಕೆ ಒಳಗಾದ ಸಾಕ್ಷಿ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗೆ ಕಾರಣ ಹುಡುಕುವ ಹಾಗೆ ಇಲ್ಲಿ ಲೇಖಕಿ ಪ್ರಾರ್ಥನೆಗೆ ಕಾರಣ ಹುಡುಕುತ್ತಾಳೆ.

ಇದನ್ನು ಚೆನ್ನಾಗಿ ಅರಿತವಳು ಡೀ ಹೆಂಡರ್ಸನ್. 1999ರ 'ಡೇಂಜರ್ ಇನ್ ದಿ ಶಾಡೋಸ್' ಕಾದಂಬರಿಯಲ್ಲಿ ಸಾರಾ ಎಂಬವಳು ಕೆಟ್ಟುನಿಂತ ಲಿಫ್ಟಿನೊಳಗೆ, ಕಗ್ಗತ್ತಲಲ್ಲಿ, ಅಪರಿಚಿತನೊಬ್ಬನ ಜೊತೆ ಸಿಕ್ಕಿಹಾಕಿಕೊಳ್ಳುತ್ತಾಳೆ. ಬೇರೆಯವರಿಗೆ ಅದು ಬರೀ ಕಿರಿಕಿರಿ. ಚಿಕ್ಕಂದಿನಲ್ಲಿ ಅವಳಿ ತಂಗಿಯ ಜೊತೆ ಅಪಹರಣವಾಗಿ, ತಂಗಿಯನ್ನು ಕಳೆದುಕೊಂಡು ತಾನೊಬ್ಬಳೇ ಉಳಿದು ಬಂದವಳಿಗೆ ಕತ್ತಲೆಂದರೆ ಆ ದಿನಗಳೇ. ನಾಯಕನ ಮುಖ ಅವಳಿಗೆ ಕಾಣುವುದಿಲ್ಲ, ದನಿಯೊಂದೇ ಆಸರೆ. ಕಾಣದ ಒಬ್ಬನ ಮಾತು ನಂಬಿ ಉಸಿರಾಡಬೇಕು. ವಿಶ್ವಾಸದ ಬಗ್ಗೆ ಒಂದು ಮಾತೂ ಆಡದೆ ಲೇಖಕಿ ತನ್ನ ಇಡೀ ವಸ್ತುವನ್ನು ಆ ಲಿಫ್ಟಿನಲ್ಲಿ ಇಟ್ಟುಬಿಟ್ಟಿದ್ದಾಳೆ. ಮುಂದೆ ಬರುವ ಉಪದೇಶದ ಪುಟಗಳಿಗಿಂತ ಈ ಒಂದು ದೃಶ್ಯ ನನಗೆ ಹೆಚ್ಚು ಗಟ್ಟಿಯಾಗಿ ಕಂಡಿದೆ.

ಇದರ ಬೆನ್ನಿಗೆ 2000ದಲ್ಲಿ ಬಂದದ್ದು 'ದಿ ನೆಗೋಷಿಯೇಟರ್'. ಅನಾಥಾಲಯದಲ್ಲಿ ಬೆಳೆದ ಏಳು ಮಂದಿ ತಮಗೆ ತಾವೇ ಒಂದು ಕುಟುಂಬವಾಗಿ, ಓಮ್ಯಾಲಿ ಎಂಬ ಒಂದೇ ಮನೆಹೆಸರು ಇಟ್ಟುಕೊಂಡಿದ್ದಾರೆ. ಅವರಲ್ಲಿ ಕೇಟ್ ಶಿಕಾಗೋ ಪೊಲೀಸರ ಪರವಾಗಿ ಒತ್ತೆಯಾಳುಗಳ ಬಿಡುಗಡೆಗೆ ಸಂಧಾನ ಮಾಡುವವಳು. ಬ್ಯಾಂಕಿನೊಳಗೆ ಒಬ್ಬ ಬಾಂಬು ಹಿಡಿದು ಜನರನ್ನು ಒತ್ತೆಯಿಟ್ಟುಕೊಂಡಿದ್ದಾನೆ. ಅವಳು ಒಳಗೆ ಹೋಗಿ ಅವನ ಎದುರು ನಿಂತು ಸಮಾಧಾನದ ದನಿಯಲ್ಲಿ ಮಾತಾಡುತ್ತಾಳೆ. ಒತ್ತೆಯಾಳುಗಳ ನಡುವೆ ಎಫ್‌ಬಿಐನ ಡೇವ್ ಇದ್ದಾನೆ, ವಿಶ್ವಾಸಿ. ಅವನಿಗೆ ಅವಳ ಮೇಲೆ ಮನಸ್ಸಾಗುತ್ತದೆ, ಅವಳು ವಿಶ್ವಾಸಿಯಲ್ಲ ಎಂದು ತಿಳಿದಾಗ ತನ್ನ ಹೆಜ್ಜೆಗೆ ತಾನೇ ಕಡಿವಾಣ ಹಾಕುತ್ತಾನೆ. ಕೇಟಳ ತಕರಾರು ಸಣ್ಣದಲ್ಲ. ದಿನವೂ ಕ್ರೂರಿಗಳ ಎದುರು ಕೂರುವವಳಿಗೆ ದೇವರು ಒಂದೇ ಕೈಯಲ್ಲಿ ನ್ಯಾಯವನ್ನೂ ಕರುಣೆಯನ್ನೂ ಹೇಗೆ ಹಿಡಿದಿದ್ದಾನೆ ಎಂಬುದು ಅರ್ಥವಾಗುವುದಿಲ್ಲ. ಆಮೇಲೆ ಒಂದು ವಿಮಾನ ಸ್ಫೋಟವಾಗುತ್ತದೆ, ತನಿಖೆ ಅವಳ ಸ್ವಂತ ಬದುಕಿನೊಳಕ್ಕೇ ಬರುತ್ತದೆ.

ಇಲ್ಲಿ ಎರಡು ಬಗೆಯ ಕಾಲ ಒಟ್ಟಿಗೆ ಓಡುತ್ತವೆ. ಬಾಂಬಿನ ಕಾಲಕ್ಕೆ ಗಡಿಯಾರ ಇದೆ, ಮುಂದಿನ ಅಧ್ಯಾಯದೊಳಗೆ ಅದು ಮುಗಿಯಲೇಬೇಕು. ಮನಸ್ಸು ತಿರುಗುವುದಕ್ಕೆ ಹೊತ್ತು ಗೊತ್ತು ಇಲ್ಲ. ಸಾಧಾರಣ ಲೇಖಕಿಯಾದರೆ ಎರಡನ್ನೂ ಒಂದೇ ಗಂಟೆಗೆ ಹೊಡೆಸುತ್ತಾಳೆ: ಗುಂಡು ಹಾರುತ್ತದೆ, ನಾಯಕಿ ನೆಲಕ್ಕೆ ಬೀಳುತ್ತಾ ದೇವರೇ ಎನ್ನುತ್ತಾಳೆ, ಅಲ್ಲಿಗೆ ಪರಿವರ್ತನೆ ಮುಗಿಯಿತು. ಸಾವಿನ ಭಯದಲ್ಲಿ ಕರೆದ ದೇವರು ನಾಳೆ ಬೆಳಿಗ್ಗೆ ಕಾಫಿ ಕುಡಿಯುವಾಗಲೂ ಇರುತ್ತಾನೆಯೇ ಎಂದು ಆ ಕಾದಂಬರಿ ಕೇಳುವುದಿಲ್ಲ. ಹೆಂಡರ್ಸನ್‌ಳ ಓಮ್ಯಾಲಿ ಮಾಲೆಯಲ್ಲಿ ಹಾಗಲ್ಲ: ಜೆನಿಫರ್ ಎಂಬ ಕಿರಿಯ ಸಹೋದರಿಗೆ ಕ್ಯಾನ್ಸರ್ ಬಂದಿದೆ. ಅವಳ ವಿಶ್ವಾಸ ಮತ್ತು ಅವಳ ಕಾಯಿಲೆ ಎರಡೂ ಪುಸ್ತಕದಿಂದ ಪುಸ್ತಕಕ್ಕೆ ಹರಿಯುತ್ತವೆ. ಒಬ್ಬೊಬ್ಬ ಅಣ್ಣ ಅಕ್ಕನೂ ತನ್ನ ತನ್ನ ಪ್ರಶ್ನೆ ಹಿಡಿದು ಅವಳ ಎದುರು ಕೂರುತ್ತಾರೆ. ಅದೇ ಮಾಲೆಯ 'ದಿ ಗಾರ್ಡಿಯನ್'ನಲ್ಲಂತೂ ನ್ಯಾಯಾಧೀಶರ ಕೊಲೆಯ ಏಕೈಕ ಸಾಕ್ಷಿಯಾದ ಶಾರಿ ಮೊದಲಿನಿಂದ ವಿಶ್ವಾಸಿಯೇ. ಪ್ರಾರ್ಥನೆಗೆ ಉತ್ತರ ಬಾರದಿದ್ದಾಗ ಅಲುಗಾಡುವವಳು ಅವಳು. ಹಂತಕ ಎಲ್ಲಿ ಅಡಗಿದ್ದಾನೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೇನೆ. ಅವಳ ಮೌನ ನೆನಪಿದೆ.

ಈ ಪರಂಪರೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದೊಡನೆ, 1866ರಲ್ಲಿ, ಆಗಸ್ಟಾ ಜೇನ್ ಇವಾನ್ಸ್ ಬರೆದ 'ಸೇಂಟ್ ಎಲ್ಮೊ' ಆ ಕಾಲದಲ್ಲಿ ಮನೆಮನೆಯ ಪುಸ್ತಕವಾಗಿತ್ತು. ದ್ವಂದ್ವಯುದ್ಧದಲ್ಲಿ ಗೆಳೆಯನನ್ನು ಕೊಂದ, ಸಿನಿಕನಾದ ಶ್ರೀಮಂತ ಸೇಂಟ್ ಎಲ್ಮೊ. ಅವನ ಮನೆಯಲ್ಲಿ ಆಶ್ರಯ ಪಡೆದು ಬೆಳೆದ ಅನಾಥ ಹುಡುಗಿ ಎಡ್ನಾ. ಅವನ ಕೋಣೆಯಲ್ಲಿ, ನಂಬಿ, ತಾಜ್‌ಮಹಲಿನ ಒಂದು ಪುಟ್ಟ ಪ್ರತಿಕೃತಿ ಇದೆ. ಅವನು ಊರು ಬಿಡುವಾಗ ಅದರ ಬೀಗದ ಕೈಯನ್ನು ಅವಳ ಕೈಗೆ ಕೊಟ್ಟು, ತೆರೆಯಬೇಡ ಎಂದು ಹೇಳಿ ವರ್ಷಗಟ್ಟಲೆ ದೂರ ಹೋಗುತ್ತಾನೆ. ಹುಡುಗಿ ತೆರೆಯುವುದಿಲ್ಲ. ಒಳಗೆ ಏನಿದೆ ಎಂದು ಓದುಗ ಒದ್ದಾಡುತ್ತಿದ್ದರೆ ಲೇಖಕಿಗೆ ಬೇಕಾದದ್ದು ಕೈಯಲ್ಲಿ ಬೀಗದ ಕೈ ಇದ್ದೂ ತೆರೆಯದವಳು. ಕುತೂಹಲವನ್ನೇ ನಂಬಿಕೆಯ ಪರೀಕ್ಷೆ ಮಾಡಿದ ಜಾಣತನ ಇದು. ಮುಂದೆ ಅವನು ಪ್ರೀತಿ ನಿವೇದಿಸಿದಾಗ ಎಡ್ನಾ ನಿರಾಕರಿಸುತ್ತಾಳೆ, ಅವನು ಪಾದ್ರಿಯಾಗಿ ಮರಳಿದ ಮೇಲೇ ಒಪ್ಪುವುದು. ಆಮೇಲಿನ ತಲೆಮಾರಿನಲ್ಲಿ ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ ಬಂದಳು, 1947ರಲ್ಲಿ ತೀರಿಕೊಳ್ಳುವವರೆಗೆ ನೂರಕ್ಕೂ ಮಿಕ್ಕಿ ಪುಸ್ತಕ ಬರೆದಳು. ಗಂಡ ತೀರಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಸಾಕಬೇಕಾದ ಹೆಂಗಸಿಗೆ ಪೆನ್ನೇ ಜೀವನೋಪಾಯ. ಅವಳ ಒಳ್ಳೆಯವರು ಬಹಳ ಒಳ್ಳೆಯವರು, ಕೆಟ್ಟವರು ಬಹಳ ಕೆಟ್ಟವರು. ಅಷ್ಟು ಸಾಕು.

ಬಂದೂಕೇ ಇಲ್ಲದ ಕುತೂಹಲಕ್ಕೆ ಉದಾಹರಣೆ ಬೇಕೆಂದರೆ ಕೆನಡಾದ ಜಾನೆಟ್ ಓಕ್ 1979ರಲ್ಲಿ ಬರೆದ 'ಲವ್ ಕಮ್ಸ್ ಸಾಫ್ಟ್ಲಿ'. ಪಶ್ಚಿಮದ ಹುಲ್ಲುಗಾವಲಿಗೆ ಬಂಡಿ ಕಟ್ಟಿಕೊಂಡು ಬಂದ ಮಾರ್ಟಿ ಎಂಬ ಎಳೆಯ ಬಸುರಿ ಗಂಡನನ್ನು ಕಳೆದುಕೊಳ್ಳುತ್ತಾಳೆ. ಹೆಣ ಮಣ್ಣು ಮಾಡಿದ ದಿನವೇ ಕ್ಲಾರ್ಕ್ ಎಂಬ ವಿಧುರ ಬಂದು ಮದುವೆಯಾಗು ಎನ್ನುತ್ತಾನೆ. ತನ್ನ ಪುಟ್ಟ ಮಗಳು ಮಿಸ್ಸಿಗೆ ತಾಯಿ ಬೇಕು, ಅವಳಿಗೆ ತಲೆಯ ಮೇಲೊಂದು ಸೂರು ಬೇಕು. ವಸಂತದಲ್ಲಿ ಪೂರ್ವಕ್ಕೆ ಬಂಡಿಗಳು ಹೊರಡುತ್ತವೆ, ಆಗ ಹೋಗಬೇಕೆನಿಸಿದರೆ ಖರ್ಚು ಕೊಟ್ಟು ಕಳಿಸುತ್ತೇನೆ, ಮಿಸ್ಸಿಯನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋಗಬೇಕು ಎಂಬುದು ಅವನ ಷರತ್ತು. ಅಡುಗೆ ಬಾರದ ಮಾರ್ಟಿ ಹೊತ್ತು ಹೊತ್ತಿಗೂ ಪ್ಯಾನ್‌ಕೇಕ್ ಒಂದನ್ನೇ ಬೇಯಿಸಿ ಹಾಕುತ್ತಾಳೆ. ಅವನು ತುಟಿಪಿಟಕ್ಕೆನ್ನದೆ ತಿನ್ನುತ್ತಾನೆ. ಬೆಳಿಗ್ಗೆ ತಿಂಡಿಗೆ ಮುಂಚೆ ಸತ್ಯವೇದ ಓದಿ ಪ್ರಾರ್ಥಿಸುತ್ತಾನೆ. ಯಾರೊಡನೆ ಮಾತಾಡುತ್ತಿದ್ದಾನೆ ಇವನು ಎಂದು ಅವಳಿಗೆ ಬೆರಗು. ಕುತೂಹಲ ಇಷ್ಟೇ: ವಸಂತ ಬಂದಾಗ ಅವಳು ಬಂಡಿ ಹತ್ತುತ್ತಾಳೋ? ಕ್ಲಾರ್ಕ್ ಬಾಗಿಲು ತೆರೆದಿಟ್ಟಿರುವುದರಿಂದಲೇ ಅವಳು ಉಳಿಯುವುದಕ್ಕೆ ಬೆಲೆ. ವಿಶ್ವಾಸದ ಬಗ್ಗೆ ಈ ಪ್ರಕಾರ ಹೇಳಬಹುದಾದ ಅತ್ಯಂತ ಪ್ರಾಮಾಣಿಕ ಮಾತು ಇದೆಂದು ನನ್ನ ಎಣಿಕೆ.

ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಬೆವರ್ಲಿ ಲೂಯಿಸ್ 1997ರ 'ದಿ ಶನಿಂಗ್'ನಲ್ಲಿ ಬರೆದಳು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಆಮಿಶ್ ಸಮುದಾಯ: ಕಾರು ಇಲ್ಲ, ಮನೆಗೆ ವಿದ್ಯುತ್ತಿನ ತಂತಿ ಇಲ್ಲ, ಬಣ್ಣದ ಬಟ್ಟೆಗೂ ಅಂಕೆ. ಮದುವೆ ಹತ್ತಿರ ಬಂದ ಕೇಟಿಗೆ ಅಟ್ಟದಲ್ಲಿ ಒಂದು ರೇಷ್ಮೆಯಂಥ ನುಣುಪಿನ ಸ್ಯಾಟಿನ್ ಮಗುವಿನ ಅಂಗಿ ಸಿಗುತ್ತದೆ. ಆಮಿಶ್ ಮನೆಯಲ್ಲಿ ಇರಲೇಬಾರದ ಬಟ್ಟೆ ಅದು. ಒಂದು ಅಂಗಿಯಿಂದ ಹುಟ್ಟಿನ ಗುಟ್ಟು ಬಿಚ್ಚಿಕೊಳ್ಳುತ್ತದೆ, ಬಿಷಪ್‌ನ ಜೊತೆಗಿನ ಮದುವೆಯಿಂದ ಅವಳು ಓಡುತ್ತಾಳೆ, ಊರು ಅವಳಿಗೆ ಬಹಿಷ್ಕಾರ ಹಾಕುತ್ತದೆ. ಹೆತ್ತವರಿಗಿಂತ ಹೆಚ್ಚಾಗಿ ಸಾಕಿದವರೇ ಇನ್ನು ಅವಳ ಜೊತೆ ಒಂದೇ ಮೇಜಿಗೆ ಕೂತು ಉಣ್ಣುವಂತಿಲ್ಲ. ಬಹಿಷ್ಕಾರದ ಆ ಊಟ ನಮಗೇನೂ ಹೊಸದಲ್ಲ, ಅದನ್ನು ಬಲ್ಲ ಊರುಗಳು ಇಲ್ಲೂ ಇವೆ. ಆಮೇಲೆ ಆಮಿಶ್ ಪ್ರಣಯದ ಪುಸ್ತಕಗಳು ಸಾಲುಗಟ್ಟಿ ಬಂದವು, ಮುಖಪುಟದ ತುಂಬ ಬಿಳಿ ಟೊಪ್ಪಿಗೆಯ ಹುಡುಗಿಯರು. ಹೆಚ್ಚಿನವು ಲೂಯಿಸಳ ಮೇಜಿನ ತನಕ ಬರುವುದೇ ಇಲ್ಲ.

ಈಗ ಈ ಪ್ರಕಾರದ ಅತಿ ಪ್ರಸಿದ್ಧ, ಅತಿ ವಿವಾದಿತ ಪುಸ್ತಕಕ್ಕೆ ಬರೋಣ. ಫ್ರಾನ್ಸೀನ್ ರಿವರ್ಸ್ ಮೊದಲು ಸಾಮಾನ್ಯ ಮಾರುಕಟ್ಟೆಯ ಪ್ರಣಯ ಕಾದಂಬರಿಗಳನ್ನೇ ಬರೆಯುತ್ತಿದ್ದವಳು. 1986ರಲ್ಲಿ ವಿಶ್ವಾಸಿಯಾದ ಮೇಲೆ ಕೆಲಕಾಲ ಬರೆಯಲಾಗದೆ ಕುಳಿತಳು. 1991ರಲ್ಲಿ 'ರಿಡೀಮಿಂಗ್ ಲವ್' ಬಂತು. 1997ರಲ್ಲಿ ಕ್ರೈಸ್ತ ಪ್ರಕಾಶಕರು ಅದನ್ನು ಪರಿಷ್ಕರಿಸಿ ಮತ್ತೆ ತಂದರು, 2022ರಲ್ಲಿ ಸಿನಿಮಾ ಆಯಿತು. ಚಿನ್ನದ ಹುಚ್ಚು ಹಿಡಿದ 1850ರ ಕ್ಯಾಲಿಫೋರ್ನಿಯ. ಬಾಲ್ಯದಲ್ಲೇ ಮಾರಾಟವಾಗಿ ವೇಶ್ಯಾಗೃಹ ಸೇರಿದ ಏಂಜಲ್. ಅವಳನ್ನೇ ಮದುವೆಯಾಗು ಎಂದು ದೇವರ ದನಿ ಕೇಳಿದ ರೈತ ಮೈಕೆಲ್ ಹೊಸೇಯ. ಹೆಸರೇ ಹೇಳುವಂತೆ ಇದು ಹಳೆ ಒಡಂಬಡಿಕೆಯ ಪ್ರವಾದಿ ಹೋಶೇಯನ ಕಥೆಯ ಮರುಹೆಣಿಗೆ. ಅವಳು ಬಿಟ್ಟು ಓಡುತ್ತಾಳೆ, ಅವನು ಹುಡುಕಿ ತರುತ್ತಾನೆ, ಮತ್ತೆ ಓಡುತ್ತಾಳೆ.

ಈ ಪುಸ್ತಕ ಓದಿ ಅತ್ತವರು ಎಷ್ಟೋ ಮಂದಿ. ಸಿಟ್ಟಾದವರೂ ಇದ್ದಾರೆ, ಆ ಸಿಟ್ಟಿಗೆ ಆಧಾರವಿದೆ. ಪೆಟ್ಟು ತಿಂದು ಅರೆಪ್ರಜ್ಞೆಯಲ್ಲಿರುವ ಹೆಂಗಸಿನ ಬಾಯಿಂದ ಹೂಂ ಎನ್ನಿಸಿ ಮೈಕೆಲ್ ಅವಳನ್ನು ಮದುವೆಯಾಗುತ್ತಾನೆ. ದೇವರು ಹೇಳಿದ ಎನ್ನುವವನ ಎದುರು ಅವಳು ಯಾವ ವಾದ ಹೂಡಬಹುದು? ಕಥೆಯೊಳಗೆ ಆ ದನಿ ನಿಜ, ಹಾಗಾಗಿ ಅವಳ ನಿರಾಕರಣೆ ಮೊದಲಿನಿಂದಲೇ ತಪ್ಪಾಗಿಬಿಡುತ್ತದೆ. ಕುತೂಹಲ ಸತ್ತದ್ದು ಅಲ್ಲಿ. ಆದರೆ ರಿವರ್ಸ್ ಇದನ್ನು ಒಳಗೊಳಗೆ ಅರಿತಿದ್ದಳೆಂದು ಕಾಣುತ್ತದೆ. ಏಕೆಂದರೆ ಕೊನೆಯ ಸಲ ಅವಳು ಹೋದಾಗ ಮೈಕೆಲ್ ಹುಡುಕಿಕೊಂಡು ಹೋಗುವುದಿಲ್ಲ. ಮೂರು ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವಳು ತನ್ನ ಕಾಲ ಮೇಲೆ ನಿಲ್ಲುತ್ತಾಳೆ, ತನ್ನಂಥವರಿಗೆ ಒಂದು ಆಶ್ರಯ ಕಟ್ಟುತ್ತಾಳೆ. ಆಮೇಲೆ ತಾನಾಗಿ ಮರಳುತ್ತಾಳೆ. ಇಡೀ ಕಾದಂಬರಿಯಲ್ಲಿ ನಿಜವಾಗಿ ಏನಾಗಬಹುದು ಎಂದು ನಾನು ಕಾತರಿಸಿದ್ದು ಆ ಮೂರು ವರ್ಷಗಳಲ್ಲಿ, ನಾಯಕ ಪುಟದಿಂದ ಮರೆಯಾದ ಮೇಲೆ.

ಮೂಲದ ಹೋಶೇಯ ಇನ್ನೂ ಕಠಿಣ. ಪ್ರವಾದಿ ತನ್ನ ಹೆಂಡತಿ ಗೋಮೆರಳನ್ನು ಹದಿನೈದು ತೂಕ ಬೆಳ್ಳಿ ಮತ್ತು ಒಂದಿಷ್ಟು ಜವೆಗೋದಿ ಕೊಟ್ಟು ಬಿಡಿಸಿ ತರುತ್ತಾನೆ, ಬಹುದಿನ ನನ್ನೊಡನಿರು ಎನ್ನುತ್ತಾನೆ. ಅವಳು ಏನು ಹೇಳಿದಳು? ಗ್ರಂಥದಲ್ಲಿ ಇಲ್ಲ. ಮುಂದೆ ಇಸ್ರಾಯೇಲಿನ ಮಾತು ಬರುತ್ತದೆ, ಗೋಮೆರಳ ಮಾತು ಬರುವುದೇ ಇಲ್ಲ. ಎರಡೂವರೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಅವಳ ಉತ್ತರ ಬಾಕಿಯಿದೆ. ರಿವರ್ಸ್ ಆ ಖಾಲಿ ಜಾಗ ತುಂಬಿದಳು, ಓದುಗರು ಕೃತಜ್ಞರಾದರು. ನನಗೆ ಖಾಲಿ ಜಾಗವೇ ಹೆಚ್ಚು ವಿಶ್ವಾಸದ್ದೆನಿಸುತ್ತದೆ.

ಈ ಓದುಗರನ್ನು ಲಿನ್ ನೀಲ್ ಎಂಬ ವಿದ್ವಾಂಸೆ 2006ರ 'ರೊಮಾನ್ಸಿಂಗ್ ಗಾಡ್' ಪುಸ್ತಕಕ್ಕಾಗಿ ಮಾತಾಡಿಸಿದ್ದಾಳೆ. ಕೀಳು ಅಭಿರುಚಿ ಎಂದು ಪಕ್ಕಕ್ಕಿಡದೆ, ಅವರು ಈ ಓದನ್ನು ತಮ್ಮ ಭಕ್ತಿಜೀವನದ ಭಾಗವಾಗಿ ಹೇಗೆ ಇಟ್ಟುಕೊಂಡಿದ್ದಾರೆ ಎಂದು ನೋಡಿದ್ದಾಳೆ. ಮನೆಗೆಲಸ ಮುಗಿಸಿ ಕೂತ ಹೆಂಗಸಿಗೆ ದೇವರು ತನ್ನನ್ನೂ ಆರಿಸಿಕೊಂಡಿದ್ದಾನೆ ಎಂಬ ಭರವಸೆ ಪುಸ್ತಕದಿಂದ ಸಿಗುವುದಾದರೆ ವಿಮರ್ಶಕನಿಗೇನು ಕಷ್ಟ? ಕಷ್ಟ ಪುಸ್ತಕ ಸುಳ್ಳು ಹೇಳಿದಾಗ ಮಾತ್ರ: ಪ್ರಾರ್ಥಿಸಿದೊಡನೆ ಹಂತಕನ ಬಂದೂಕು ಸಿಕ್ಕಿಕೊಳ್ಳುತ್ತದೆ ಎಂದಾಗ.

ನಮ್ಮ ಕಡೆಗೆ ಬಂದರೆ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ನಾವು ಕರೆಯುವ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅದರ ಇನ್ನೊಂದು ಹೆಸರು 'ಸದ್ಧರ್ಮ ವಿಜಯ'. ಕ್ರೈಸ್ತ ಕಥೆ ಅದಲ್ಲ, ಸಾರಸ್ವತ ಸಮಾಜದ ಒಳಗಿನ ಸುಧಾರಣೆಯ ಕಥೆ. ಎಳೆ ವಿಧವೆ ಇಂದಿರೆ ಸಂತರ ವೇಷದ ಲಂಪಟರಿಂದ ಪಾರಾಗಿ ಅಮೃತರಾಯರ ಮನೆಗೆ ಓಡಿಬರುವಾಗ, ಅವಳು ಸಿಕ್ಕಿಬೀಳುತ್ತಾಳೋ ಎಂಬ ಆತಂಕವೂ ಧರ್ಮ ಯಾವುದು ಎಂಬ ಪ್ರಶ್ನೆಯೂ ಒಟ್ಟಿಗೆ ಓಡುತ್ತವೆ. ಕೊನೆಗೆ ಭಾಸ್ಕರನೊಡನೆ ಮದುವೆ. ಅಪಾಯ, ಪ್ರೀತಿ, ಧರ್ಮ ಮೂರನ್ನೂ ಒಂದೇ ಹುರಿಯಲ್ಲಿ ಹೊಸೆಯುವುದು ಕನ್ನಡ ಕಾದಂಬರಿ ಹುಟ್ಟಿದಾಗಲೇ ಬಂದ ಬುದ್ಧಿ. ಆಮೇಲೆ ನಮ್ಮ ಜನಪ್ರಿಯ ಕಾದಂಬರಿಯಲ್ಲಿ ಪತ್ತೇದಾರರು ಒಂದು ಕಡೆ, ಪ್ರೇಮಿಗಳು ಒಂದು ಕಡೆ, ದೇವರು ಭಕ್ತಿ ಸಾಹಿತ್ಯದ ಕಡೆ ಪಾಲಾಗಿ ಹೋದರು.

ಕೊನೆಯದಾಗಿ ಇಂಗ್ಲೆಂಡಿನ ಒಬ್ಬ ಪಾದ್ರಿಯ ಮಗಳು. ಶಾರ್ಲಟ್ ಬ್ರಾಂಟೆಯ 'ಜೇನ್ ಏರ್' 1847ರದ್ದು. ಇಜ್ಜೋಡಿನ ನಿಯಮವನ್ನು ಅದು ತಲೆಕೆಳಗು ಮಾಡಿ ನೋಡುತ್ತದೆ. ಇಂಡಿಯಾಕ್ಕೆ ಮಿಷನರಿಯಾಗಿ ಹೊರಟ ಸೇಂಟ್ ಜಾನ್ ರಿವರ್ಸ್ ಜೇನಳಿಗೆ ಹಿಂದೂಸ್ತಾನಿ ಕಲಿಸುತ್ತಾನೆ, ನನ್ನ ಹೆಂಡತಿಯಾಗಿ ಬಾ, ಇದು ದೇವರ ಕೆಲಸ ಎನ್ನುತ್ತಾನೆ. ಇಬ್ಬರೂ ವಿಶ್ವಾಸಿಗಳೇ. ಇಲ್ಲದ್ದು ಪ್ರೀತಿ. ತಂಗಿಯಾಗಿ ಬರುತ್ತೇನೆ ಎನ್ನುತ್ತಾಳೆ ಅವಳು. ಅವನಿಗೆ ಅದು ಒಪ್ಪಿಗೆಯಿಲ್ಲ. ಅವನ ಒತ್ತಾಯಕ್ಕೆ ಇನ್ನೇನು ಸೋತೇ ಎನ್ನುವ ಹೊತ್ತಿಗೆ ದೂರದಿಂದ ಅವಳು ಪ್ರೀತಿಸಿದ ರೋಚೆಸ್ಟರ್ ಕರೆದಂತೆ ಅವಳಿಗೆ ಕೇಳುತ್ತದೆ. ಕುರುಡನಾಗಿ, ಮುರಿದು ಬಿದ್ದ ರೋಚೆಸ್ಟರ್ ಅದೇ ಹೊತ್ತಿಗೆ ಪ್ರಾರ್ಥಿಸಿ ಅವಳ ಹೆಸರು ಕೂಗಿದ್ದ ಎಂದು ಆಮೇಲೆ ತಿಳಿಯುತ್ತದೆ. ಇಂದಿನ ಸಸ್ಪೆನ್ಸ್ ಲೇಖಕಿ ಬಳಸುವ ಉಪಾಯಗಳೆಲ್ಲ ಈ ಒಂದು ಪ್ರಸಂಗದಲ್ಲಿ ಇವೆ: ದೇವರ ಹೆಸರಿನ ಒತ್ತಾಯ, ಕೊನೆ ಗಳಿಗೆಯ ದನಿ, ಉತ್ತರ ಸಿಕ್ಕ ಪ್ರಾರ್ಥನೆ. ಒಂದು ವ್ಯತ್ಯಾಸ ಇದೆ. ಜೇನ್ ರೋಚೆಸ್ಟರನನ್ನು ಮದುವೆಯಾಗಿ ಸುಖವಾಗಿದ್ದಾಳೆ ಎಂದ ಮೇಲೂ ಕಾದಂಬರಿ ಮುಗಿಯುವುದಿಲ್ಲ. ಕೊನೆಯ ಮಾತುಗಳನ್ನು ಬ್ರಾಂಟೆ, ಮದುವೆಯಾಗದೆ ಇಂಡಿಯಾದಲ್ಲಿ ದುಡಿದು ಸಾವಿನ ಹತ್ತಿರ ಬಂದಿರುವ ಸೇಂಟ್ ಜಾನನಿಗೆ ಬಿಟ್ಟುಕೊಡುತ್ತಾಳೆ. ಜೇನ್ ಅವನನ್ನು ಬೇಡವೆಂದದ್ದೂ ಸರಿ, ಅವನ ವಿಶ್ವಾಸ ಅಪ್ಪಟ ಎಂಬುದೂ ಸರಿ. ನಾಯಕಿ ನಿರಾಕರಿಸಿದವನಿಗೆ ಇಷ್ಟು ಗೌರವದ ಕೊನೆಯ ಪುಟ ಕೊಟ್ಟ ಕಾದಂಬರಿಯನ್ನು ನಾನು ಆ ಕಪಾಟಿನಲ್ಲಿ ಇನ್ನೂ ಹುಡುಕುತ್ತಿದ್ದೇನೆ.